ಚಮಚದಿಂದ ಜಾರದ ಸರಿ

ನಾಲ್ಕಕ್ಕೋ ಆರಕ್ಕೋ ಎಂದು ಕೇಳಿದೆಯಲ್ಲ ಪುಟ್ಟಿ, ಉತ್ತರ ಸಣ್ಣದು. ಆರು ತಿಂಗಳು ತುಂಬಿದ ಮೇಲೆ. 180 ದಿನ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊ. ಅಲ್ಲಿಯವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ಬೇಸಿಗೆಯಾದರೂ ನೀರು ಬೇಡ. ಎದೆಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ. ಡಾಕ್ಟರು ಬರೆದುಕೊಟ್ಟ ಹನಿ, ಔಷಧಿ ಇದ್ದರೆ ಅದು ಬೇರೆ ಲೆಕ್ಕ. ಇಷ್ಟು ಹೇಳಿ ಫೋನ್ ಇಡಬಹುದಿತ್ತು. ಆದರೆ ಅಂಗನವಾಡಿಯಲ್ಲಿ ಮಕ್ಕಳನ್ನು ತಕ್ಕಡಿಗೆ ಹಾಕಿ ತೂಗುತ್ತಾ ನಾನು ಕಂಡದ್ದು ಇದು: ಮನೆಯವರು ಜಗಳವಾಡುವುದು ತಾರೀಖಿಗೆ, ಮಗು ಸೊರಗುವುದು ಬಟ್ಟಲಲ್ಲಿ ಇರಬೇಕಾದ್ದು ಇಲ್ಲದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ನಿಮ್ಮತ್ತೆಯವರ ವಿಚಾರ. ನಾಲ್ಕು ತಿಂಗಳಿಗೇ ತಿನ್ನಿಸಿದೆವು, ಏನೂ ಆಗಲಿಲ್ಲ ಎನ್ನುತ್ತಾರೆ ಎಂದೆ. ಅವರು ಇಲ್ಲದ್ದು ಹೇಳುತ್ತಿಲ್ಲ. ನಿನ್ನ ಗಂಡ ಹುಟ್ಟಿದ 1990ರ ದಶಕದಲ್ಲಿ ಡಾಕ್ಟರುಗಳೇ ಹಾಗೆ ಹೇಳುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೇ ಆಗ ನಾಲ್ಕರಿಂದ ಆರು ತಿಂಗಳ ನಡುವೆ ಎಂದಿತ್ತು. ಡಬ್ಬಿ ಹಾಲು, ಡಬ್ಬಿ ಆಹಾರದ ಜಾಹೀರಾತಿಗೆ ಮೂಗುದಾರ ಹಾಕಲು ನಮ್ಮ ದೇಶದಲ್ಲಿ 1992ರಲ್ಲಿ ಬಂದ ಕಾಯ್ದೆಯಲ್ಲೂ ಶಿಶು ಆಹಾರವೆಂದರೆ ನಾಲ್ಕು ತಿಂಗಳ ನಂತರ ಕೊಡುವುದು ಎಂದೇ ಬರೆದಿತ್ತು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರು ತಿಂಗಳು ಎಂದು ಗಟ್ಟಿ ಮಾಡಿತು, 2003ರಲ್ಲಿ ನಮ್ಮ ಕಾಯ್ದೆಯೂ ತಿದ್ದುಪಡಿಯಾಯಿತು. ಬೇಗ ಶುರು ಮಾಡಿದ ಮಕ್ಕಳಲ್ಲಿ ಭೇದಿ ಹೆಚ್ಚು, ತಾಯಿಯ ಹಾಲು ಬೇಗ ಕಡಿಮೆಯಾಗುತ್ತದೆ ಎಂಬುದು ಅಷ್ಟರಲ್ಲಿ ಚೆನ್ನಾಗಿ ಗೊತ್ತಾಗಿತ್ತು. ಇದನ್ನು ಅತ್ತೆಯವರ ಮುಂದೆ ವಾದಕ್ಕೆಂದು ಇಡಬೇಡ. ನಿಮ್ಮ ಕಾಲಕ್ಕೆ ಅದೇ ಸರಿಯಿತ್ತು, ಆಮೇಲೆ ಬದಲಾಯಿತು ಎಂದು ಹೇಳು, ಅಷ್ಟೇ. ಹಿರಿಯರಿಗೆ ಬೇಕಾದ್ದು ಗೆಲುವಲ್ಲ ಕಣಮ್ಮ, ತಾವು ಮಕ್ಕಳನ್ನು ತಪ್ಪಾಗಿ ಸಾಕಲಿಲ್ಲ ಎಂಬ ಮಾತು.

ನಾಲ್ಕು ತಿಂಗಳಿಗೆ ಶುರು ಮಾಡುವ ಆಸೆ ನಿನಗೂ ಇದೆ ಎಂದು ನನಗೆ ಗೊತ್ತು. ಕಾರಣವೂ ಗೊತ್ತು. ಹೆರಿಗೆ ರಜೆ 26 ವಾರ. ನೀನು ಅದರಲ್ಲಿ ಒಂದಷ್ಟನ್ನು ಹೆರಿಗೆಗೆ ಮುಂಚೆಯೇ ಮುಗಿಸಿದ್ದೀಯ. ಹಾಗಾಗಿ ಮಗುವಿಗೆ ಆರು ತುಂಬುವ ಮೊದಲೇ ಆಫೀಸಿನಿಂದ ಕರೆ ಬರುತ್ತದೆ, ಅಷ್ಟರಲ್ಲಿ ಸರಿ ರೂಢಿಯಾಗಿಬಿಡಲಿ ಎಂಬ ಲೆಕ್ಕ. ನಡುವಿನ ಆ ಕೆಲವು ವಾರಕ್ಕೆ ಬೇರೆ ದಾರಿ ಇದೆ. ಹಾಲನ್ನು ಹಿಂಡಿ ಶುಭ್ರವಾದ ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿಡು. ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ಒಂದು ದಿನ ಏನೂ ಆಗುವುದಿಲ್ಲ. ಒಲೆಯ ಮೇಲೆ ಕಾಯಿಸಬಾರದು, ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಿ ಚಮಚದಲ್ಲೋ ಒಳಲೆಯಲ್ಲೋ ಕುಡಿಸಬಹುದು. ಬಾಟಲಿ ಬೇಡ, ಅದರ ನಿಪ್ಪಲ್ಲಿನ ಸಂದಿ ತೊಳೆದು ಯಾರಿಗೂ ಮುಗಿಯುವುದಿಲ್ಲ.

ರಾತ್ರಿ ಎದ್ದೆದ್ದು ಅಳುತ್ತದೆ, ಹಾಲು ಸಾಲುತ್ತಿಲ್ಲವೇನೋ ಎಂಬ ಅನುಮಾನ ಎಲ್ಲ ತಾಯಂದಿರಿಗೂ ಬರುತ್ತದೆ. ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದು, ತಿಂಗಳು ತಿಂಗಳು ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ. ನಾವು ಉಣ್ಣುವುದನ್ನು ನೋಡಿ ಬಾಯಿ ಚಪ್ಪರಿಸಿತು ಎಂದು ಮೋಸ ಹೋಗಬೇಡ. ನಾಲ್ಕು ತಿಂಗಳ ಮಗು ಫ್ಯಾನನ್ನೂ ಹಾಗೇ ನೋಡುತ್ತದೆ. ಕತ್ತು ನೆಟ್ಟಗೆ ನಿಲ್ಲಬೇಕು, ಸ್ವಲ್ಪ ಆಸರೆ ಕೊಟ್ಟರೆ ಕೂರಬೇಕು, ಬಾಯಿಗಿಟ್ಟದ್ದನ್ನು ನಾಲಿಗೆ ಹೊರಗೆ ತಳ್ಳುವುದು ನಿಲ್ಲಬೇಕು, ಕೈ ಚಾಚಿ ಹಿಡಿದದ್ದನ್ನು ಬಾಯಿಗೆ ಒಯ್ಯಬೇಕು. ಇವೆಲ್ಲ ಆರು ತಿಂಗಳ ಆಸುಪಾಸಿಗೇ ಬಂದು ಸೇರುತ್ತವೆ. ದಿನ ತುಂಬದೆ ಹುಟ್ಟಿದ ಮಗುವಿಗೆ ಮಾತ್ರ ಲೆಕ್ಕ ಬೇರೆ, ಅದನ್ನು ಮಕ್ಕಳ ಡಾಕ್ಟರೇ ಹೇಳಬೇಕು.

ತಡವೂ ಕೂಡದು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ತಡವಾಗುವುದೇ ಹೆಚ್ಚು. ಅನ್ನಪ್ರಾಶನ ಆಗದೆ ಅನ್ನ ಮುಟ್ಟಿಸಬಾರದು ಎಂದು ಕಾಯುತ್ತಾರೆ. ಗಂಡಿಗೆ ಸಮ ತಿಂಗಳು, ಹೆಣ್ಣಿಗೆ ಬೆಸ ತಿಂಗಳು ಎಂಬ ಶಾಸ್ತ್ರ ಒಂದು. ನಡುವೆ ಆಷಾಢ ಬಂತು, ಮುಹೂರ್ತವಿಲ್ಲ, ಹೊರನಾಡಿಗೆ ಹೋಗಬೇಕು, ಮಾವನಿಗೆ ರಜೆ ಸಿಗಲಿಲ್ಲ. ಹೀಗೆ ನೋಡನೋಡುತ್ತಾ ಮಗುವಿಗೆ ಎಂಟು ತುಂಬಿರುತ್ತದೆ. ಹಳೆಯ ಆಯುರ್ವೇದದ ಸುಶ್ರುತ ಸಂಹಿತೆಯೂ ಆರನೇ ತಿಂಗಳಿಗೆ ಹಗುರವಾದ ಅನ್ನ ಕೊಡಿ ಎಂದೇ ಹೇಳುತ್ತದೆ. ಪೂಜೆ ಯಾವಾಗ ಬೇಕಾದರೂ ಆಗಲಿ, ಊಟ ಅದಕ್ಕೆ ಕಾಯುವುದು ಬೇಡ. ಗರ್ಭದಲ್ಲಿ ತಾಯಿಯಿಂದ ಪಡೆದ ಕಬ್ಬಿಣದ ದಾಸ್ತಾನು ಆರು ತಿಂಗಳ ಹೊತ್ತಿಗೆ ಬರಿದಾಗುತ್ತಾ ಬರುತ್ತದೆ, ಎದೆಹಾಲಿನಲ್ಲಿ ಕಬ್ಬಿಣ ಇರುವುದೇ ಅತ್ಯಲ್ಪ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಆರು ತಿಂಗಳಿಂದ ಐದು ವರ್ಷದೊಳಗಿನ ಕರ್ನಾಟಕದ ಮಕ್ಕಳಲ್ಲಿ ನೂರಕ್ಕೆ 65.5 ಮಕ್ಕಳಿಗೆ ರಕ್ತಹೀನತೆ. ಬಡವರ ಮನೆಯಲ್ಲಿ ಮಾತ್ರ ಎಂದುಕೊಳ್ಳಬೇಡ. ಇಡೀ ದಿನ ಹಸುವಿನ ಹಾಲನ್ನೇ ಕುಡಿದು ಬೆಳ್ಳಗೆ ದುಂಡಗೆ ಕೂತ ಮಕ್ಕಳಲ್ಲೂ ಇದೆ.

ಇನ್ನು ಬಟ್ಟಲಿನ ವಿಚಾರಕ್ಕೆ ಬರೋಣ.

ನಮ್ಮವರ ಮನಸ್ಸಿನಲ್ಲಿ ಮಗುವಿನ ಆಹಾರ ಎಂದರೆ ತೆಳ್ಳಗಿರಬೇಕು ಎಂದು ಕೂತುಬಿಟ್ಟಿದೆ. ಗಂಜಿಯ ತಿಳಿ, ಬೇಳೆ ಕಟ್ಟು, ತರಕಾರಿ ಬೇಯಿಸಿದ ನೀರು. ಬಾಡು ತಿನ್ನುವ ಮನೆಯಾದರೆ ಬಾಡಿನ ಸಾರಿನ ರಸ. ಸತ್ವವೆಲ್ಲ ನೀರಿಗೆ ಇಳಿದಿದೆ ಎಂಬ ನಂಬಿಕೆ. ಇಳಿದಿರುವುದಿಲ್ಲ ಪುಟ್ಟಿ. ಬೇಳೆಯ ಸತ್ವ ಬೇಳೆಯಲ್ಲೇ, ಬಾಡಿನ ಕಬ್ಬಿಣ ಬಾಡಿನಲ್ಲೇ ಉಳಿದಿರುತ್ತದೆ. ಅದನ್ನು ದೊಡ್ಡವರು ತಿಂದು ಮಗುವಿಗೆ ಬಣ್ಣದ ನೀರು ಕುಡಿಸುತ್ತೇವೆ. ಏಳು ಕೆ.ಜಿ. ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಹೆಚ್ಚೆಂದರೆ 200 ಮಿ.ಲೀ. ಎದೆಹಾಲಿನ ಜೊತೆಗೆ ಆರರಿಂದ ಎಂಟು ತಿಂಗಳ ಮಗುವಿಗೆ ಆಹಾರದಿಂದ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಒಂದು ಲೋಟ ನೀರಿಗೆ ಒಂದು ಟೀ ಚಮಚ ರಾಗಿಹಿಟ್ಟು ಕದಡಿದರೆ ಬರುವುದು ಹತ್ತು ಹನ್ನೆರಡು ಕ್ಯಾಲೊರಿ. ಹೊಟ್ಟೆ ತುಂಬಿತು, ಮಗು ಮಲಗಿತು, ತೂಕ ಮಾತ್ರ ಏರಲಿಲ್ಲ. ಇಂಥ ಮನೆಗಳಿಗೆ ಹೋದಾಗ ತಾಯಂದಿರು ಹೇಳುತ್ತಿದ್ದದ್ದು ಒಂದೇ ಮಾತು, ‘ಚೆನ್ನಾಗೇ ಕುಡೀತದೆ ಮೇಡಂ.’ ಹೌದು, ಕುಡಿಯುತ್ತಿತ್ತು.

ಹಾಗಾದರೆ ಗಟ್ಟಿ ಎಷ್ಟಿರಬೇಕು? ಇಡ್ಲಿ ಹಿಟ್ಟಿನ ಹದ. ಚಮಚದಲ್ಲಿ ತೆಗೆದು ಓರೆ ಮಾಡಿದರೆ ತಟ್ಟನೆ ಸುರಿಯಬಾರದು, ನಿಧಾನಕ್ಕೆ ಜರುಗಬೇಕು. ಮೊದಲ ಎರಡು ಮೂರು ದಿನ ಕೊಂಚ ಸಡಿಲವಿದ್ದರೂ ಪರವಾಗಿಲ್ಲ, ಅಲ್ಲೇ ನಿಲ್ಲಬೇಡ.

ಗಟ್ಟಿ ಮಾಡಿದರೆ ಮಗುವಿಗೆ ನುಂಗಲಾಗದು, ತೆಳ್ಳಗೆ ಮಾಡಿದರೆ ಸತ್ವ ಸಾಲದು. ಈ ಇಕ್ಕಟ್ಟಿಗೆ ನಮ್ಮ ಹಿಂದಿನ ಹೆಂಗಸರು ಕಂಡುಕೊಂಡ ಉಪಾಯವೇ ಮೊಳಕೆ ಕಟ್ಟಿದ ರಾಗಿಯ ಸರಿ. ಮೊಳಕೆಯೊಡೆಯುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ತುಂಡರಿಸುವುದರಿಂದ, ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಿದರೂ ಸರಿ ಗಂಟಲಿಗೆ ಅಂಟುವುದಿಲ್ಲ. ಕಬ್ಬಿಣವನ್ನು ಮೈಗೆ ಹತ್ತಗೊಡದ ಫೈಟೇಟ್ ಅಂಶವೂ ತಗ್ಗುತ್ತದೆ. ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ಮೊಳಕೆ ಕಟ್ಟಿದ ರಾಗಿ ಮತ್ತು ಹೆಸರುಕಾಳಿನಿಂದ ಮಕ್ಕಳ ಆಹಾರ ತಯಾರಿಸಿ ಇದನ್ನೆಲ್ಲ ಅಳೆದು ತೋರಿಸಿದ್ದಾರೆ.

ಮಾಡುವ ಕ್ರಮ ಬರೆದಿಟ್ಟುಕೊ. ರಾಗಿಯನ್ನು ನಾಲ್ಕಾರು ನೀರಿನಲ್ಲಿ ತೊಳೆದು, ಕಲ್ಲು ತೆಗೆದು, ರಾತ್ರಿ ನೆನೆಸು. ಬೆಳಿಗ್ಗೆ ನೀರು ಬಸಿದು ಒದ್ದೆ ಪಂಚೆಯ ತುಂಡಿನಲ್ಲಿ ಕಟ್ಟಿಡು. ಆಗಾಗ ನೀರು ಚಿಮುಕಿಸುತ್ತಿದ್ದರೆ ಒಂದೂವರೆ ಎರಡು ದಿನಕ್ಕೆ ಬಿಳಿ ಮೊಳಕೆ ಬರುತ್ತದೆ. ಮುಗ್ಗಲು ವಾಸನೆ ಬಂದರೆ ಅಷ್ಟನ್ನೂ ಎಸೆದುಬಿಡು, ತೊಳೆದು ಉಳಿಸಿಕೊಳ್ಳಲು ಹೋಗಬೇಡ. ನೆರಳಲ್ಲಿ ಗರಿಗರಿಯಾಗಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಮೊರದಲ್ಲಿ ಕೇರು. ಸಣ್ಣ ಉರಿಯಲ್ಲಿ ಘಮ್ಮೆನ್ನುವಷ್ಟೇ ಹುರಿ. ಕಪ್ಪಾಗುವಂತೆ ಹುರಿದರೆ ಆ ಕಿಣ್ವವೇ ಸತ್ತು ಪಟ್ಟ ಕಷ್ಟವೆಲ್ಲ ದಂಡ. ಮಿಲ್ಲಿಗೆ ಕೊಟ್ಟು ಬೀಸಿಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿ. ಹೆಸರುಬೇಳೆಯನ್ನು ಬೇರೆಯಾಗಿ ಹುರಿದು ಪುಡಿ ಮಾಡಿಕೊ. ಮೂರು ಪಾಲು ರಾಗಿಗೆ ಒಂದು ಪಾಲು. ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕೈಬಿಡದೆ ತಿರುವುತ್ತಾ ಬೇಯಿಸಿ, ಇಳಿಸಿದ ಮೇಲೆ ಅರ್ಧ ಚಮಚ ತುಪ್ಪ. ಉಪ್ಪು, ಸಕ್ಕರೆ, ಬೆಲ್ಲ ಯಾವುದೂ ಒಂದು ವರ್ಷದವರೆಗೆ ಬೇಡ. ಬೆಲ್ಲದಲ್ಲಿ ಕಬ್ಬಿಣವಿದೆಯಲ್ಲ ಎಂದು ಯಾರಾದರೂ ಅಂದರೆ ನಕ್ಕು ಸುಮ್ಮನಾಗು. ಕರಾವಳಿಯವರು ಇದೇ ರಾಗಿಯನ್ನು ನೆನೆಸಿ ಅರೆದು ಹಾಲು ತೆಗೆದು ಮಣ್ಣಿ ಮಾಡುತ್ತಾರೆ, ರುಚಿಯೇನೋ ಬಹಳ ಚೆನ್ನ, ಬೆಲ್ಲ ಬಿಟ್ಟು ಮಾಡಿದರೆ ಅದೂ ಆದೀತು.

ಜೇನು ಮಾತ್ರ ನೆಕ್ಕಿಸಲೂ ಬೇಡ, ಶಾಸ್ತ್ರಕ್ಕೂ ಬೇಡ. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಗಳು ವರ್ಷ ತುಂಬದ ಮಗುವಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡುತ್ತವೆ, ಕೈಕಾಲು ಸೋತು ಉಸಿರಾಟಕ್ಕೇ ತೊಂದರೆಯಾಗುತ್ತದೆ. ಅಪರೂಪವೇ ಇರಬಹುದು, ಆದರೆ ಆ ಒಂದು ಹನಿಯಿಂದ ಮಗುವಿಗೆ ಆಗಬೇಕಾದ ಲಾಭ ಏನೂ ಇಲ್ಲವಲ್ಲ.

ರಾಗಿಯನ್ನು ಇಷ್ಟು ಹೊಗಳಿದೆ ಎಂದು ಮೂರು ಹೊತ್ತೂ ಅದನ್ನೇ ಕೊಡಬೇಡ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ, ನಿಜ; ಕಬ್ಬಿಣಕ್ಕೆ ಅದೊಂದನ್ನೇ ನಂಬಿ ಕೂರಲಾಗದು. ಎರಡು ಮೂರು ದಿನಕ್ಕೊಂದು ಹೊಸ ಪದಾರ್ಥ ಸೇರಿಸುತ್ತಾ ಹೋಗು. ಅನ್ನ ಬೇಳೆ ಚೆನ್ನಾಗಿ ಕಿವುಚಿದ್ದು, ಬೇಯಿಸಿದ ಸೊಪ್ಪು, ಗೆಣಸು, ಸಿಹಿಕುಂಬಳ, ಬಾಳೆಹಣ್ಣು, ಪರಂಗಿಹಣ್ಣು, ಮೊಸರು. ಸೊಪ್ಪು ಬೇಳೆಗೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಕಬ್ಬಿಣ ಮೈಗೆ ಹತ್ತುತ್ತದೆ. ನೀವು ಮೊಟ್ಟೆ, ಬಾಡು ತಿನ್ನುವವರಾದ್ದರಿಂದ ಆರು ತಿಂಗಳಿಂದಲೇ ಗಟ್ಟಿಯಾಗಿ ಬೇಯಿಸಿದ ಮೊಟ್ಟೆ ಕೊಡಬಹುದು, ಬಿಳಿಯೂ ಸೇರಿದಂತೆ. ಕುರಿಯ ಈಲಿ, ಮುಳ್ಳು ತೆಗೆದ ಮೀನು, ನುಣ್ಣಗೆ ಅರೆದ ಕೋಳಿ ಯಾವುದೂ ನಿಷಿದ್ಧವಲ್ಲ. ವರ್ಷ ತುಂಬಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ನಿನ್ನ ಗೆಳತಿಯ ಮನೆಯಂತೆ ಅಪ್ಪಟ ಸಸ್ಯಾಹಾರಿಗಳಾದರೆ, ಅದರಲ್ಲೂ ತಾಯಿ ಬಾಣಂತನದ ಪಥ್ಯವೆಂದು ಹಾಲು ಮೊಸರನ್ನೂ ಬಿಟ್ಟಿದ್ದರೆ, ಬಿ12 ಕೊರತೆ ಆಗಿದೆಯೇ ಎಂದು ಡಾಕ್ಟರನ್ನು ಕೇಳಲೇಬೇಕು. ತಾಯಿಯಲ್ಲಿ ಇಲ್ಲದ್ದು ಹಾಲಿಗೆ ಬರುವುದಿಲ್ಲ. ಮಗು ಮಂಕಾಗುತ್ತದೆ, ಬಂದ ಚಟುವಟಿಕೆಗಳನ್ನೂ ಮರೆಯುತ್ತದೆ.

ಕಡಲೆಕಾಯಿ ಬೀಜದ ಬಗ್ಗೆ ನೀನು ಬಹಳ ಹೆದರಿದ್ದೆ. ಆ ಹೆದರಿಕೆ ಹಳೆಯದಾಯಿತು. ಲಂಡನ್ನಿನಲ್ಲಿ ಅಲರ್ಜಿ ಆಗುವ ಸಂಭವ ಹೆಚ್ಚಿದ್ದ 640 ಶಿಶುಗಳ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮೊದಲ ವರ್ಷದಲ್ಲೇ ಕಡಲೆಕಾಯಿ ಬೀಜದ ಪದಾರ್ಥ ತಿನ್ನಲು ಶುರು ಮಾಡಿದವರಲ್ಲಿ ಐದು ವರ್ಷದ ಹೊತ್ತಿಗೆ ಅದರ ಅಲರ್ಜಿ, ಪೂರ್ತಿ ದೂರ ಇಟ್ಟವರಿಗಿಂತ ಬಹಳ ಕಡಿಮೆ ಕಂಡಿತು. ಹಾಗಾಗಿ ಹುರಿದು ನುಣ್ಣಗೆ ಪುಡಿ ಮಾಡಿ, ಸರಿಯಲ್ಲಿ ಅರ್ಧ ಚಮಚ ಬೆರೆಸು. ಮೈಮೇಲೆ ವಿಪರೀತ ಎಕ್ಸಿಮಾ ಇರುವ, ಅಥವಾ ಮೊಟ್ಟೆ ಆಗದ ಮಗುವಾದರೆ ಮಾತ್ರ ಮೊದಲು ಡಾಕ್ಟರನ್ನು ಕೇಳು. ಇಡೀ ಬೀಜ ಮಾತ್ರ ಐದು ವರ್ಷದವರೆಗೆ ಬೇಡ, ಅದು ಅಲರ್ಜಿಗಲ್ಲ, ಉಸಿರಿಗೆ ಅಪಾಯ. ಹುರಿಗಡಲೆ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್ ತುಂಡು, ಸಪೋಟ ಸೀತಾಫಲದ ಬೀಜ ಇವೂ ಅಷ್ಟೇ.

ಓಕರಿಸಿದ ಕೂಡಲೇ ಗಾಬರಿಯಾಗಬೇಡ. ಮಗು ಕೆಮ್ಮುತ್ತಾ, ಸದ್ದು ಮಾಡುತ್ತಾ, ಮುಖ ಕೆಂಪಗೆ ಮಾಡಿಕೊಂಡಿದ್ದರೆ ಅದು ತಾನೇ ಸರಿಮಾಡಿಕೊಳ್ಳುತ್ತಿದೆ, ಬಾಯಿಗೆ ಬೆರಳು ಹಾಕಬೇಡ. ಸದ್ದೇ ಇಲ್ಲದೆ, ಉಸಿರು ಬಾರದೆ ನೀಲಿಗಟ್ಟಿದರೆ ಅದು ಸಿಕ್ಕಿಕೊಂಡದ್ದು. ತಲೆ ತಗ್ಗಾಗಿರುವಂತೆ ಮುಂಗೈ ಮೇಲೆ ಬೋರಲು ಹಾಕಿ ಎರಡು ಭುಜದ ಮೂಳೆಗಳ ನಡುವೆ ಅಂಗೈಯಿಂದ ಐದು ಏಟು, ಬಾರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಸಲ ಒತ್ತು, ಮತ್ತೆ ಏಟು. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಮಗುವನ್ನು ನೋಡಿಕೊಳ್ಳಲು ಬರುವ ಹುಡುಗಿಗೂ ಇದನ್ನು ಕಲಿಸು.

ತಿನ್ನಿಸುವ ರೀತಿಯ ಬಗ್ಗೆ ನಮ್ಮವರ ಜೊತೆಗೇ ನನಗೊಂದು ತಕರಾರಿದೆ. ಕಾಲು ನೀಡಿ, ಮಗುವನ್ನು ಮೊಣಕಾಲ ಮೇಲೆ ಅಂಗಾತ ಮಲಗಿಸಿ, ಅಳುವ ಬಾಯಿಗೆ ಒಳಲೆಯಲ್ಲಿ ಸರಿ ಹುಯ್ಯುತ್ತಾರೆ. ಮೂಗು ಹಿಡಿದು ಹುಯ್ಯುವವರನ್ನೂ ಕಂಡಿದ್ದೇನೆ. ನೆತ್ತಿಗೆ ಹತ್ತುವುದಷ್ಟೇ ಅಲ್ಲ, ಶ್ವಾಸಕೋಶಕ್ಕೇ ಇಳಿದು ನ್ಯುಮೋನಿಯಾ ಆಗಬಹುದು. ಒಳಲೆ ಹಾಲಿಗೆ ಇರಲಿ. ಸರಿಯನ್ನು ಕೂರಿಸಿ, ಮುಖಕ್ಕೆ ಮುಖ ಕೊಟ್ಟು, ಚಮಚದಲ್ಲಿ ತಿನ್ನಿಸು. ಏನು ಕೊಡಬೇಕು, ಯಾವಾಗ ಕೊಡಬೇಕು ಎಂಬುದು ನಿನ್ನ ಅಧಿಕಾರ. ಎಷ್ಟು ತಿನ್ನಬೇಕು ಎಂಬುದು ಅದರದು. ಮುಖ ತಿರುಗಿಸಿತು, ತುಟಿ ಬಿಗಿ ಹಿಡಿಯಿತು ಎಂದರೆ ಊಟ ಮುಗಿಯಿತು ಎಂದೇ. ಇವತ್ತು ಉಗಿದ ಕುಂಬಳಕಾಯಿಯನ್ನು ಎಂಟು ಹತ್ತು ಸಲ ಬೇರೆ ಬೇರೆ ದಿನ ಇಟ್ಟು ನೋಡು, ಒಂದು ದಿನ ತಾನೇ ತಿನ್ನುತ್ತದೆ. ಮೊಬೈಲ್ ತೋರಿಸಿ ತಿನ್ನಿಸಿದರೆ ಬಟ್ಟಲು ಖಾಲಿಯಾಗುತ್ತದೆ, ಹೊಟ್ಟೆ ತುಂಬಿದ್ದು ಮಗುವಿಗೆ ತಿಳಿಯುವುದೇ ಇಲ್ಲ.

ಅಳತೆ ಬೇಕೆಂದರೆ ಇಷ್ಟು: ಮೊದಲಿಗೆ ಎರಡು ಮೂರು ದೊಡ್ಡ ಚಮಚ, ದಿನಕ್ಕೆ ಎರಡು ಸಲ. ಎಂಟು ತಿಂಗಳ ಹೊತ್ತಿಗೆ ಅರ್ಧ ಕಪ್, ಎರಡು ಮೂರು ಸಲ. ಒಂಬತ್ತರಿಂದ ಮೂರು ನಾಲ್ಕು ಸಲ. ವರ್ಷದ ಮೇಲೆ ಮುಕ್ಕಾಲು ಕಪ್‌ನಿಂದ ಒಂದು ಕಪ್. ಎದೆಹಾಲು ಎರಡು ವರ್ಷ ಮತ್ತು ಆಮೇಲೂ. ಎಂಟು ಒಂಬತ್ತು ತಿಂಗಳಾದ ಮೇಲೆ ಮಿಕ್ಸಿಯನ್ನು ಒಳಗಿಡು. ಕೈಯಲ್ಲಿ ಕಿವುಚಿದ್ದು, ಆಮೇಲೆ ಸಣ್ಣ ಸಣ್ಣ ಮೆತ್ತನೆ ತುಂಡು. ಹಲ್ಲು ಬಂದಿಲ್ಲವೆಂದು ಕಾಯಬೇಡ, ವಸಡಿನಲ್ಲೇ ಅರೆಯುತ್ತದೆ. ಹತ್ತು ತಿಂಗಳಾದರೂ ನುಣ್ಣಗಿನದನ್ನೇ ತಿಂದ ಮಗು ಆಮೇಲೆ ಅಗುಳು ಕಂಡರೂ ಉಗಿಯುತ್ತದೆ. ವರ್ಷಕ್ಕೆ ಮನೆಯವರ ಊಟವೇ. ಖಾರ ಹಾಕುವ ಮೊದಲು ಅದರ ಪಾಲು ತೆಗೆದಿಡು. ಮುದ್ದೆ ನುಂಗುವುದು ದೊಡ್ಡವರ ವಿದ್ಯೆ, ಮಗುವಿಗೆ ಸೊಪ್ಪಿನ ಸಾರಿನಲ್ಲಿ ಕಿವುಚಿಯೇ ಕೊಡಬೇಕು.

ಜ್ವರವೋ ಭೇದಿಯೋ ಬಂದರೆ ಊಟ ನಿಲ್ಲಿಸಬೇಡ. ಹೊಟ್ಟೆಗೆ ವಿಶ್ರಾಂತಿ ಎಂದು ನಿಲ್ಲಿಸಿಯೇ ಮಕ್ಕಳು ಇಳಿದುಹೋಗುವುದು. ಭೇದಿಗೆ ಓಆರ್‌ಎಸ್, ಜೊತೆಗೆ ಡಾಕ್ಟರು ಹೇಳುವ ಸತುವಿನ ಮಾತ್ರೆ 14 ದಿನ, ಆರು ದಿನಕ್ಕೆ ನಿಂತಿತೆಂದು ಬಿಡಬಾರದು. ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ.

ಇನ್ನೊಂದು. ನಿಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬೀದಿಯಲ್ಲಿ ಅಂಗನವಾಡಿ ಇದೆ ಎಂದು ನೀನೇ ಹೇಳಿದ್ದೆ. ಅಲ್ಲಿಗೆ ಹೋಗಲು ನಾಚಿಕೆ ಯಾಕೆ? 1975ರ ಅಕ್ಟೋಬರ್ 2ರಂದು ಈ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮ ಟಿ. ನರಸೀಪುರಕ್ಕೆ, ಬಡವರಿಗೆ ಮಾತ್ರ ಎಂದು ಬೋರ್ಡು ಹಾಕಿರಲಿಲ್ಲ. ಹೆಸರು ಬರೆಸು, ತಾಯಿ ಕಾರ್ಡಿನಲ್ಲಿ ತಿಂಗಳು ತಿಂಗಳು ತೂಕ ಬರೆಸು. ಆರು ತಿಂಗಳಾದ ಮೇಲೆ ಪುಷ್ಟಿ ಪುಡಿ ಕೊಡುತ್ತಾರೆ. ವಾರಕ್ಕೆರಡು ಸಲ ಒಂದೊಂದು ಮಿ.ಲೀ. ಕಬ್ಬಿಣದ ಸಿರಪ್ ಆಶಾ ಕಾರ್ಯಕರ್ತೆಯಿಂದ ಸಿಗುತ್ತದೆ. ಕಕ್ಕ ಕಪ್ಪಗಾಯಿತೆಂದು ಅದನ್ನು ನಿಲ್ಲಿಸಬೇಡ, ಕಬ್ಬಿಣ ತಿಂದರೆ ಆಗುವುದೇ ಹಾಗೆ. ಕಾರ್ಡಿನ ಗೆರೆ ಎರಡು ತಿಂಗಳು ಮೇಲೇರದೆ ಅಡ್ಡಕ್ಕೇ ಹೋದರೆ ನನಗೆ ಫೋನ್ ಮಾಡುವುದಲ್ಲ, ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ನಡಿ.

ಭಾನುವಾರ ನಿಮ್ಮಣ್ಣ ಬರುತ್ತಾನೆ, ಅವನ ಕೈಲಿ ಎರಡು ಡಬ್ಬಿ ಕಳಿಸುತ್ತೇನೆ. ಒಂದರಲ್ಲಿ ರಾಗಿ, ಒಂದರಲ್ಲಿ ಹೆಸರುಬೇಳೆ. ಬೇಕೆಂದೇ ಬೆರೆಸಿಲ್ಲ, ಮೂರು ದಿನ ಬರೀ ರಾಗಿ ಕೊಟ್ಟು ನೋಡಿ ಆಮೇಲೆ ಬೇಳೆ ಸೇರಿಸು. ಆರು ತುಂಬಲು ಇನ್ನೂ ದಿನವಿರುವುದರಿಂದ ಫ್ರಿಜ್ಜಿನಲ್ಲಿಡು, ತೆಗೆದ ಮೇಲೆ ತಿಂಗಳೊಳಗೆ ಮುಗಿಸು. ಕಡಲೆಕಾಯಿ ಪುಡಿ ಕಳಿಸುತ್ತಿಲ್ಲ, ಇಟ್ಟರೆ ಕಮಟು ಹಿಡಿಯುತ್ತದೆ, ಬೇಕಾದಾಗ ನಾಲ್ಕೇ ಬೀಜ ಹುರಿದು ಕುಟ್ಟಿಕೊ. ಸರಿ ಕಾಯಿಸುವ ಕೆಲಸ ನಿಮ್ಮತ್ತೆಯವರಿಗೇ ಬಿಡು, ತಿರುವುವ ಕೈಹದ ಅವರಿಗಿರುತ್ತದೆ. ಗಟ್ಟಿ ಎಷ್ಟಿರಬೇಕೆಂದು ಮಾತ್ರ ಚಮಚ ಓರೆ ಮಾಡಿ ತೋರಿಸು. ಸಂಜೆಯ ಊಟ ನಿನ್ನ ಗಂಡ ತಿನ್ನಿಸಲಿ.